ಸಭಾಪಾಲಕ: ಬಳಕೆ ಮತ್ತು ನಿರ್ವಹಣೆಯ ಕೈಪಿಡಿ

ಬಳಕೆಗೆ ಮೊದಲು

ಅಭಿನಂದನೆಗಳು. ದೇವರು ತನ್ನ ಸೇವೆಗೆ ನಿಮ್ಮನ್ನು ಕರೆದಿದ್ದಾನೆ ಎಂದು ನಿಮಗೆ ಅನ್ನಿಸಿದೆ. ಅಥವಾ ನಿಮ್ಮ ತಾಯಿಗೆ ಅನ್ನಿಸಿದೆ. ಎರಡರಲ್ಲಿ ಯಾವುದಾದರೂ ಸರಿ, ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ, ಆಮೇಲೆ ಕೆಲಸಕ್ಕೆ ರಾಜೀನಾಮೆ ಬರೆಯಿರಿ. ಈಗಾಗಲೇ ಬರೆದುಕೊಟ್ಟಿದ್ದರೂ ಚಿಂತೆಯಿಲ್ಲ. ಸಾಕ್ಷಿ ಹೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ಬಿಟ್ಟುಬಂದ ಸಂಬಳ ಎಷ್ಟು ಎಂದು ಕೇಳಲು ಸಭೆಯವರಿಗೆ ಯಾವತ್ತೂ ಇಷ್ಟ.

ಈ ಕೈಪಿಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಮಾದರಿಗೆ ಅನ್ವಯಿಸುತ್ತದೆ. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳನ್ನೆಲ್ಲ ಒಟ್ಟುಸೇರಿಸಿ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಹುಟ್ಟಿದ ಸಭೆ ಇದು. ಹಾಗಾಗಿ ಇಲ್ಲಿ ಬಿಷಪ್ಪರೂ ಇದ್ದಾರೆ, ಕಮಿಟಿಯೂ ಇದೆ. ಬಿಷಪ್ಪರಿಗೆ ಗೌರವ ಕೊಡಬೇಕು; ಕಮಿಟಿಗೆ ಲೆಕ್ಕ ಕೊಡಬೇಕು.

ಕಥೋಲಿಕ ಮಾದರಿ ಬೇಕಾದವರು ಮಂಗಳೂರಿನ ಜೆಪ್ಪುವಿನಲ್ಲೋ ಬೆಂಗಳೂರಿನ ಮಲ್ಲೇಶ್ವರದಲ್ಲೋ ಇರುವ ಗುರುಮಠದ ಬಾಗಿಲು ತಟ್ಟಬೇಕು. ಅಲ್ಲಿ ತರಬೇತಿಯ ಅವಧಿ ಇನ್ನೂ ದೀರ್ಘ, ಮತ್ತು ಮದುವೆಗೆ ಅವಕಾಶವಿಲ್ಲ. ಸ್ವತಂತ್ರ ಮಾದರಿಯೂ ಮಾರುಕಟ್ಟೆಯಲ್ಲಿದೆ: ಶೀಟು ಹೊದಿಸಿದ ಒಂದು ಶೆಡ್ಡು, ಒಂದು ಕೀಬೋರ್ಡು, ಅಳತೆಗೆ ಮೀರಿದ ಎರಡು ಸ್ಪೀಕರು. ಅದರಲ್ಲಿ ಕರೆದವರು, ಕರೆಸಿಕೊಂಡವರು, ಪರೀಕ್ಷಿಸಿದವರು ಮೂವರೂ ಒಬ್ಬರೇ ಆಗಿರುವ ಸಾಧ್ಯತೆ ಹೆಚ್ಚು. ಬೇಗ ಶುರುವಾಗುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಸಿಗುವುದಿಲ್ಲ.

ಸುರಕ್ಷತಾ ಸೂಚನೆಗಳು

1. ಮೈಕಿನ ಮೇಲಿನ ಆಸೆಯನ್ನು ಕರೆ ಎಂದು ತಪ್ಪಾಗಿ ತಿಳಿಯಬೇಡಿ. ಎರಡರಲ್ಲೂ ಎದೆ ಹೊಡೆದುಕೊಳ್ಳುತ್ತದೆ.

2. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ, ಪ್ರೇಮಭಂಗವಾದ ತಿಂಗಳಲ್ಲಿ, ಕೆಲಸ ಹೋದ ವರ್ಷದಲ್ಲಿ ಕೇಳಿಸಿದ ಕರೆಯನ್ನು ಕೂಡಲೇ ಜೋಡಿಸಬೇಡಿ. ಆರು ತಿಂಗಳು ಹಾಗೇ ಇಟ್ಟು, ಆಮೇಲೂ ಸದ್ದು ಬರುತ್ತಿದೆಯೇ ನೋಡಿ.

3. ನಿಮ್ಮ ತಂದೆ ಪಾದ್ರಿಯಾಗಿದ್ದರೆ ಎರಡು ಸಲ ಪರೀಕ್ಷಿಸಿ. ತಂದೆ ಪಾದ್ರಿಯಾಗಿದ್ದು, ಅದನ್ನೆಲ್ಲ ಹತ್ತಿರದಿಂದ ಕಂಡಮೇಲೂ ನಿಮಗೆ ಆಸೆ ಉಳಿದಿದ್ದರೆ, ಒಂದು ಸಲ ಸಾಕು.

ಭಾಗ 1: ಸದ್ದನ್ನು ಗುರುತಿಸುವುದು

ಕರೆ ನಾನಾ ಬಗೆಯಲ್ಲಿ ಬರುತ್ತದೆ. ಸತ್ಯವೇದದಲ್ಲಿ ಅದರ ಮಾದರಿಗಳು ಬೇಕಾದಷ್ಟಿವೆ, ಮತ್ತು ಹೆಚ್ಚಿನವರು ಒಲ್ಲೆ ಎಂದವರೇ. ಮೋಶೆ ತನಗೆ ಮಾತು ಬರುವುದಿಲ್ಲ ಎಂದ. ಯೆರೆಮೀಯ ತಾನಿನ್ನೂ ಚಿಕ್ಕವನು ಎಂದ. ಯೋನ ಏನೂ ವಾದ ಮಾಡಲಿಲ್ಲ. ನಿನೆವೆಗೆ ಹೋಗು ಎಂದರೆ ತಾರ್ಷೀಷಿಗೆ ಟಿಕೆಟ್ ತೆಗೆದ. ಕರೆದ ಕೂಡಲೇ ಹಲ್ಲುಕಿರಿದು ಓಡಿಬಂದವರು ಈ ಪಟ್ಟಿಯಲ್ಲಿ ಕಡಿಮೆ. ನಿಮಗೆ ಸ್ವಲ್ಪವೂ ಹಿಂಜರಿಕೆ ಇಲ್ಲವೆಂದರೆ ಅದನ್ನು ದೋಷವೆಂದೇ ದಾಖಲಿಸಿ.

ಸಭೆಯ ಚರಿತ್ರೆಯಲ್ಲಿ ಇನ್ನೂ ಒರಟು ಮಾದರಿಗಳಿವೆ. 374ರಲ್ಲಿ ಮಿಲಾನಿನ ಅಂಬ್ರೋಸ್ ಅಧಿಕಾರಿಯಾಗಿದ್ದ, ದೀಕ್ಷಾಸ್ನಾನವೂ ಆಗಿರಲಿಲ್ಲ. ಬಿಷಪ್ಪರ ಆಯ್ಕೆಯ ಗಲಾಟೆ ತಡೆಯಲು ಹೋದವನನ್ನೇ ಜನ ಬಿಷಪ್ಪನಾಗಿ ಆರಿಸಿಬಿಟ್ಟರು. ಅಗಸ್ಟೀನನ ಕಥೆ ಇನ್ನೂ ಮಜವಾಗಿದೆ. ಬಿಷಪ್ಪರಿಲ್ಲದ ಊರಿಗೆ ಕಾಲಿಟ್ಟರೆ ಜನ ತನ್ನನ್ನು ಹಿಡಿದುಹಾಕಿಬಿಡುತ್ತಾರೆ ಎಂದು ಅವನು ಅಂಥ ಊರುಗಳ ದಾರಿಯನ್ನೇ ತಪ್ಪಿಸುತ್ತಿದ್ದ. 391ರಲ್ಲಿ ಹಿಪ್ಪೊ ಪಟ್ಟಣದಲ್ಲಿ ಬಿಷಪ್ಪರು ಇದ್ದಾರಲ್ಲ ಎಂಬ ಧೈರ್ಯದಿಂದ ದೇವಾಲಯಕ್ಕೆ ಹೋದ. ಆ ಬಿಷಪ್ಪರಿಗೆ ಒಬ್ಬ ಸಹಾಯಕ ಬೇಕಾಗಿತ್ತು. ಜನ ಅವನನ್ನು ಹಿಡಿದು ಮುಂದಕ್ಕೆ ತಳ್ಳಿದರು, ಅವನು ಅತ್ತ. ಬರೀ ಪ್ರೆಸ್ಬಿಟರ್, ಅಂದರೆ ಪಾದ್ರಿ, ಮಾಡಿದರು, ಬಿಷಪ್ ಮಾಡಲಿಲ್ಲ ಎಂಬ ದುಃಖಕ್ಕೆ ಅಳುತ್ತಿದ್ದಾನೆ ಎಂದುಕೊಂಡ ಕೆಲವರು ಸಮಾಧಾನ ಬೇರೆ ಮಾಡಿದರು. ಸಭೆಯ ಜನ ಪಾದ್ರಿಯನ್ನು ಅರ್ಥಮಾಡಿಕೊಳ್ಳುವ ರೀತಿ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ.

ಸಿಡಿಲಿನ ಮಾದರಿಯನ್ನು ಬಯಸುವವರಿಗೆ ಮಾರ್ಟಿನ್ ಲೂಥರ್ ಇದ್ದಾನೆ. 1505ರ ಜುಲೈ 2ರಂದು ಎರ್ಫರ್ಟ್ ಬಳಿ ಪಕ್ಕದಲ್ಲೇ ಸಿಡಿಲು ಬಿದ್ದಾಗ ಆ ಕಾನೂನು ವಿದ್ಯಾರ್ಥಿ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತ, ಹದಿನೈದು ದಿನದಲ್ಲಿ ಮಠ ಸೇರಿದ. ಮಗ ವಕೀಲನಾಗಲಿ ಎಂದು ಸಾಲುಸಾಲು ಲೆಕ್ಕ ಹಾಕಿದ್ದ ಅಪ್ಪ ಎರಡು ವರ್ಷದ ಮೇಲೆ ಮಗನ ಮೊದಲ ಬಲಿಪೂಜೆಗೆ ಬಂದು, ಆ ಸಿಡಿಲಿನ ಹಿಂದೆ ಸೈತಾನನಿದ್ದರೆ ಏನು ಮಾಡುತ್ತೀ ಎಂಬರ್ಥದ ಮಾತು ಕೇಳಿದ. ಅಪ್ಪಂದಿರು ಕೇಳುವ ಪ್ರಶ್ನೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರಿಗೆ ದೇವಶಾಸ್ತ್ರ ಗೊತ್ತಿಲ್ಲದಿರಬಹುದು, ಮಗ ಗೊತ್ತಿರುತ್ತಾನೆ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಹನ್ನಳ ಮಾದರಿ. ಮಕ್ಕಳಿಲ್ಲದ ಹನ್ನ, ಮಗ ಹುಟ್ಟಿದರೆ ದೇವರಿಗೇ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು, ಸಮುವೇಲ ಹುಟ್ಟಿದ. ನಮ್ಮ ತಾಯಂದಿರೂ ಇದನ್ನೇ ಮಾಡಿರುತ್ತಾರೆ. ವ್ಯತ್ಯಾಸವೆಂದರೆ ಹೇಳುವುದು ಮಾತ್ರ ತಡವಾಗಿ. ನೀವು ಇಂಜಿನಿಯರಿಂಗ್ ಸೀಟಿಗೆ ದುಡ್ಡು ಕಟ್ಟಿಬಂದ ಸಂಜೆ, ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ, "ನೀನು ಹೊಟ್ಟೇಲಿದ್ದಾಗ್ಲೇ ನಾನು ದೇವ್ರಿಗೆ ಒಂದು ಮಾತು ಕೊಟ್ಟಿದ್ದೆ" ಎನ್ನುತ್ತಾರೆ. ಇದಕ್ಕೆ ಉತ್ತರ ಈ ಕೈಪಿಡಿಯಲ್ಲಿಲ್ಲ.

ಆದರೆ ಸಮುವೇಲನ ಕಥೆಯ ಮುಂದಿನ ಭಾಗವನ್ನು ಗಮನವಿಟ್ಟು ಓದಿ. ರಾತ್ರಿ ಹೆಸರು ಹಿಡಿದು ಕರೆದದ್ದು ದೇವರೇ. ಹುಡುಗ ಎದ್ದು ಓಡಿದ್ದು ಮಾತ್ರ ಮುದಿ ಯಾಜಕ ಏಲಿಯ ಹತ್ತಿರ. ಒಮ್ಮೆಯಲ್ಲ, ಮೂರು ಸಲ. ಕರೆದವರು ಯಾರೆಂದು ಕೊನೆಗೆ ಗುರುತು ಹಿಡಿದವನು ಏಲಿ: ಕಣ್ಣು ಮಂಜಾಗಿತ್ತು, ಮಕ್ಕಳು ಕೆಟ್ಟುಹೋಗಿದ್ದರು, ಅವನ ಸೇವೆಯೂ ಮುಗಿಯುತ್ತಾ ಬಂದಿತ್ತು. ಹೀಗಿದ್ದೂ ಹುಡುಗನ ಕಿವಿಗೆ ಬಿದ್ದದ್ದು ಏನೆಂದು ತಿಳಿಯಲು ಆ ಮುದುಕನೇ ಬೇಕಾಯಿತು. ಆದ್ದರಿಂದ ನಿಯಮ: ನಿಮ್ಮ ಕರೆಯನ್ನು ನೀವೊಬ್ಬರೇ ಕೇಳಿಸಿಕೊಂಡಿದ್ದರೆ ಅದು ಇನ್ನೂ ಅರ್ಧ ಕರೆ.

ಭಾಗ 2: ಪರೀಕ್ಷೆ

ಉಳಿದರ್ಧ ಕಮಿಟಿಯ ಕೈಯಲ್ಲಿದೆ.

ಮೊದಲ ಹಂತದಲ್ಲಿ ನಿಮ್ಮ ಸಭೆಯ ಅಯ್ಯನವರನ್ನು ಕಾಣಿ. ಅವರು ಸಂತೋಷಪಡುತ್ತಾರೆಂದು ನಿರೀಕ್ಷಿಸಬೇಡಿ. ನಿಮ್ಮನ್ನು ಕೂರಿಸಿ, ಕಾಫಿ ತರಿಸಿ, ಮನೆ ಕಡೆ ಸಮಾಚಾರ ವಿಚಾರಿಸಿ, ಕೊನೆಗೆ "ಬೇರೆ ಏನೂ ಆಗಕ್ಕೆ ಮನಸ್ಸಿಲ್ವಾ?" ಎಂದು ಕೇಳಿದರೆ ಅವರು ಒಳ್ಳೆಯ ಪಾದ್ರಿ ಎಂದು ತಿಳಿಯಿರಿ. ಬೇರೇನಾದರೂ ಆಗಿ ನೆಮ್ಮದಿಯಾಗಿರಬಲ್ಲವರು ಬೇರೇನಾದರೂ ಆಗಲಿ ಎಂಬುದು ಈ ವೃತ್ತಿಯ ಹಳೆಯ ಸಲಹೆ.

ಎರಡನೆಯ ಹಂತ ಪಾಸ್ಟರೇಟ್ ಕಮಿಟಿಯ ಶಿಫಾರಸು ಪತ್ರ. ಇಲ್ಲಿ ಕೂತಿರುವವರು ನಿಮ್ಮನ್ನು ತೊಟ್ಟಿಲಿನಿಂದ ಬಲ್ಲವರು. ಸಂಡೇ ಸ್ಕೂಲಿನ ಕಾಣಿಕೆಗೆಂದು ಅಮ್ಮ ಕೊಟ್ಟ ಚಿಲ್ಲರೆಯಲ್ಲಿ ನೀವು ಐಸ್‌ಕ್ಯಾಂಡಿ ತಿಂದದ್ದು ಕಾರ್ಯದರ್ಶಿಗೆ ನೆನಪಿದೆ. ಕ್ರಿಸ್‌ಮಸ್ ನಾಟಕದಲ್ಲಿ ನೀವು ಹೆರೋದನ ಪಾತ್ರವನ್ನು ಅಗತ್ಯಕ್ಕಿಂತ ಚೆನ್ನಾಗಿ ಮಾಡಿದ್ದು ಖಜಾಂಚಿಗೆ ನೆನಪಿದೆ. ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭೆಯ ಮೇಲ್ವಿಚಾರಕನಿಗೆ ಇರಬೇಕಾದ ಗುಣಗಳ ಪಟ್ಟಿಯಿದೆ: ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಅತಿಥಿಸತ್ಕಾರ ಬಲ್ಲವನಾಗಿರಬೇಕು, ಮನೆಯನ್ನು ನೆಟ್ಟಗೆ ನಡೆಸಬೇಕು. ಕನಸು ಬೀಳಬೇಕು, ಮಿಂಚು ಕಾಣಬೇಕು ಎಂಬ ಮಾತು ಅದರಲ್ಲಿಲ್ಲ. ಪೌಲನಿಗೆ ದಮಸ್ಕದ ದಾರಿಯಲ್ಲಿ ಕಣ್ಣು ಕುಕ್ಕುವ ಬೆಳಕು ಕಂಡಿತ್ತು. ಆದರೂ ಬೇರೆಯವರನ್ನು ನೇಮಿಸುವಾಗ ಅವನು ಕೇಳಿದ್ದು ಅಕ್ಕಪಕ್ಕದವರು ಏನನ್ನುತ್ತಾರೆ ಎಂದು.

ಮೂರನೆಯ ಹಂತ ಸಭಾಪ್ರಾಂತದ ಸಂದರ್ಶನ. ಮೇಜಿನ ಆ ಕಡೆ ಏಳೆಂಟು ಜನ, ಈ ಕಡೆ ನೀವು, ನಡುವೆ ಗೋಡಂಬಿ ಬಿಸ್ಕತ್ತು. ಬಿಸ್ಕತ್ತು ನಿಮಗಲ್ಲ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಕನ್ನಡಕ ಸರಿಮಾಡಿಕೊಂಡು ಶುರುಮಾಡುತ್ತಾರೆ.

"ಯಾಕಪ್ಪಾ, ಪಾದ್ರಿ ಆಗ್ಬೇಕು ಅಂತ?"

"ದೇವರು ಕರೆದ್ರು ಸಾರ್."

"ಎಲ್ಲಿ ಕರೆದ್ರು?"

"ಯುವಜನ ಶಿಬಿರದಲ್ಲಿ ಸಾರ್. ಕೊನೇ ದಿನ ರಾತ್ರಿ."

"ಹೌದಾ. ಶಿಬಿರ ಮುಗಿಸಿ ಮನೆಗೆ ಬಂದ್ಮೇಲೆ ಮತ್ತೆ ಕರೆದ್ರಾ?"

ಈ ಪ್ರಶ್ನೆಗೆ ಗೈಡು ಸಿಗುವುದಿಲ್ಲ. ಶಿಬಿರದ ಕೊನೆಯ ರಾತ್ರಿ, ದೀಪ ಆರಿಸಿ, ಗಿಟಾರ್ ಮೆಲ್ಲಗೆ ನುಡಿಸಿದಾಗ ಎಲ್ಲರಿಗೂ ಕರೆ ಬರುತ್ತದೆ. ಸೋಮವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತುಹೋದಾಗಲೂ ಬಂದಿತ್ತೇ ಎಂಬುದಷ್ಟೇ ಮಾಸ್ತರರಿಗೆ ಬೇಕು. ಬಂದಿಲ್ಲವೆಂದು ನಿಜ ಹೇಳಿದವರಿಗೆ ಒಂದು ವರ್ಷ ಹಳ್ಳಿ ಸಭೆಯೊಂದರಲ್ಲಿ ಕೆಲಸ ಮಾಡಿ ಬಾ ಎನ್ನುತ್ತಾರೆ. ಬಂದಿದೆ ಎಂದವರಿಗೂ ಅದನ್ನೇ ಹೇಳುತ್ತಾರೆ.

ಭಾಗ 3: ಜೋಡಣೆ

ಜೋಡಣೆ ಸೆಮಿನರಿಯಲ್ಲಿ ನಡೆಯುತ್ತದೆ. ಕನ್ನಡದಲ್ಲೇ ಓದಬೇಕೆಂದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು. 1847ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶುರುಮಾಡಿದ ಸೆಮಿನರಿಯ ವಾರಸು ಅದು. ತುಮಕೂರಿನಲ್ಲಿದ್ದ ಸೆಮಿನರಿಯೂ ಜೊತೆಗೂಡಿ 1965ರಲ್ಲಿ ಈಗಿನ ರೂಪಕ್ಕೆ ಬಂತು. ಇಂಗ್ಲಿಷಿನಲ್ಲಿ ಓದುವವರಿಗೆ 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಇದೆ. ಕೊನೆಯಲ್ಲಿ ಸಿಗುವ ಬಿ.ಡಿ. ಪದವಿ ಎರಡೂ ಕಡೆ ಸೆರಾಂಪೂರಿನದು. ಬಂಗಾಳದ ಆ ಊರು ಒಂದು ಕಾಲದಲ್ಲಿ ಡೆನ್ಮಾರ್ಕಿನ ವಶದಲ್ಲಿತ್ತು. ಮಿಷನರಿ ವಿಲಿಯಂ ಕೇರಿ ಮತ್ತು ಗೆಳೆಯರು 1818ರಲ್ಲಿ ಕಟ್ಟಿದ ಕಾಲೇಜಿಗೆ ಪದವಿ ಕೊಡುವ ಅಧಿಕಾರವನ್ನು 1827ರಲ್ಲಿ ದಯಪಾಲಿಸಿದವನು ಡೇನಿಷ್ ದೊರೆ ಆರನೇ ಫ್ರೆಡರಿಕ್. ರಾಣೆಬೆನ್ನೂರಿನ ಹುಡುಗನೊಬ್ಬ ಗದಗಿನಲ್ಲಿ ಪ್ರಸಂಗ ಮಾಡಲು ಕೋಪನ್‌ಹೇಗನ್ನಿನ ಅರಸನ ಸನದು ಬೇಕಾದದ್ದು ಹೀಗೆ.

ಬಾಸೆಲ್ ಮಿಷನ್ನಿನ ಮೊದಲ ಭಾರತೀಯ ಪಾದ್ರಿಗಳಲ್ಲಿ ಒಬ್ಬನ ಜೋಡಣೆಯ ದಾರಿ ಇನ್ನೂ ಸುತ್ತಿನದು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದ. ಮಿಷನರಿ ಹರ್ಮನ್ ಮೋಗ್ಲಿಂಗ್ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಬಂದು ಮಂಗಳೂರಿನಲ್ಲೇ ಸೆಮಿನರಿ ಹುಡುಗರಿಗೆ ಪಾಠ ಮಾಡಿದ. ಹಾಸ್ಟೆಲ್ ಊಟ ಸರಿಯಿಲ್ಲ ಎನ್ನುವ ಮೊದಲು ಅವನನ್ನು ಒಮ್ಮೆ ನೆನೆಯಿರಿ.

ಮೊದಲ ವರ್ಷ ಹೀಬ್ರೂ ಅಥವಾ ಗ್ರೀಕ್. ಹೀಬ್ರೂ ಬಲದಿಂದ ಎಡಕ್ಕೆ ಓದಬೇಕು. ಎರಡು ತಿಂಗಳಾದರೂ ಪುಟ ತಿರುಗಿಸುವ ಕೈ ಎಡವುತ್ತದೆ. ಆದಿಕಾಂಡದ ಮೊದಲ ವಾಕ್ಯವನ್ನು ಮೂಲದಲ್ಲಿ ಓದಿದ ದಿನ ಮನೆಗೆ ಫೋನ್ ಮಾಡಿ ಓದಿ ಕೇಳಿಸಬಹುದು. ಅಮ್ಮನಿಗೆ ಅರ್ಥವಾಗುವುದಿಲ್ಲ, ಅತ್ತುಬಿಡುತ್ತಾರೆ.

ಎರಡನೆಯ ವರ್ಷ ಎಚ್ಚರಿಕೆ ಬೇಕು. ಮೋಶೆಯೇ ಬರೆದನೆಂದು ಸಂಡೇ ಸ್ಕೂಲಿನಲ್ಲಿ ಕಲಿತ ಐದು ಪುಸ್ತಕಗಳಲ್ಲಿ ಬೇರೆಬೇರೆ ಕಾಲದ ಕೈಗಳಿವೆ, ಆದಿಕಾಂಡದಲ್ಲಿ ಸೃಷ್ಟಿಯ ಕಥೆ ಎರಡು ಸಲ ಬರುತ್ತದೆ, ಯೆಶಾಯನ ಪುಸ್ತಕ ಒಬ್ಬನೇ ಬರೆದದ್ದಲ್ಲ, ಮತ್ತಾಯನಿಗಿಂತ ಮೊದಲು ಬರೆದವನು ಮಾರ್ಕ ಎಂದೆಲ್ಲ ಪಾಠ ನಡೆಯುತ್ತದೆ. "ಸೆಮಿನರಿಗೆ ಹೋದ್ರೆ ಇದ್ದಬದ್ದ ವಿಶ್ವಾಸಾನೂ ಹೋಗುತ್ತೆ" ಎಂದು ಊರಿನ ಹಿರಿಯರು ಹೇಳಿದ್ದು ಈ ವರ್ಷಕ್ಕೆ. ಉಪಕರಣ ಬಿಸಿಯಾಗುತ್ತದೆ, ಗಾಬರಿಯಾಗಬೇಡಿ. ಕೆಲವರು ಕಲಿತದ್ದನ್ನು ಒಂದು ಪೆಟ್ಟಿಗೆಯಲ್ಲೂ ನಂಬಿದ್ದನ್ನು ಇನ್ನೊಂದರಲ್ಲೂ ಇಟ್ಟು, ನಿವೃತ್ತಿಯವರೆಗೆ ಎರಡನ್ನೂ ತೆರೆಯದೆ ಕಳೆಯುತ್ತಾರೆ. ಹಾಗೆ ಮಾಡಬೇಡಿ. ಮುಂದೆ ಮಗು ಸತ್ತ ಮನೆಯಲ್ಲಿ ತಾಯಿ ನಿಮ್ಮನ್ನು ಕೇಳುವ ಪ್ರಶ್ನೆ ಪ್ರೊಫೆಸರರು ಕೇಳಿದ್ದಕ್ಕಿಂತ ಕಠಿಣವಾಗಿರುತ್ತದೆ. ಒಮ್ಮೆಯೂ ಅಲುಗಾಡದ ವಿಶ್ವಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಧರ್ಮಗಳ ಅಧ್ಯಯನದ ತರಗತಿಯಲ್ಲಿ ಕಾರ್ಕಳದ ಸ್ಟ್ಯಾನ್ಲಿ ಸಮರ್ಥರ ಹೆಸರು ಕೇಳುತ್ತೀರಿ. ಮಂಗಳೂರಿನ ಸೆಮಿನರಿಯಲ್ಲಿ ಪಾಠ ಮಾಡಿದ ಅವರು ಮುಂದೆ ಜಿನೀವಾದಲ್ಲಿ ವಿಶ್ವ ಸಭೆಗಳ ಮಂಡಳಿಯ ಸಂವಾದ ವಿಭಾಗವನ್ನು ಕಟ್ಟಿ, ಬೇರೆ ಧರ್ಮದವರೊಡನೆ ಮಾತಾಡುವುದು ಹೇಗೆಂದು ಜಗತ್ತಿನ ಸಭೆಗಳಿಗೆ ಕಲಿಸಿದರು. ದಲಿತ ದೇವಶಾಸ್ತ್ರದ ತರಗತಿಯಲ್ಲಿ ಅರವಿಂದ ನಿರ್ಮಲ್ ಹೆಸರು ಬರುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಕಾಲೇಜಿನಲ್ಲೇ ಅವರು ಮಾಡಿದ ಭಾಷಣದಿಂದ ಆ ಚಿಂತನೆ ಗಟ್ಟಿಯಾಯಿತು. ಪರೀಕ್ಷೆಗೆ ಇದನ್ನು ಚೆನ್ನಾಗಿ ಬರೆಯಿರಿ. ಒಂದೇ ಪಾತ್ರೆಯಿಂದ ಕರ್ತರ ಭೋಜನ ಪಡೆದವರು ಮಗಳ ಮದುವೆಯ ಮಾತು ಬಂದಾಗ ಮೆಲ್ಲಗೆ ಜಾತಿ ವಿಚಾರಿಸುವುದನ್ನು ನೀವು ಆಮೇಲೆ ನೋಡಲಿದ್ದೀರಿ. ಅಲ್ಲಿ ಅಂಕ ಕೊಡುವವರು ಇರುವುದಿಲ್ಲ.

ಪ್ರಸಂಗ ಕಲೆಯ ತರಗತಿ ಎಲ್ಲಕ್ಕಿಂತ ಕ್ರೂರ. ನೀವು ಸಹಪಾಠಿಗಳ ಮುಂದೆ ಪ್ರಸಂಗ ಮಾಡುತ್ತೀರಿ, ಅವರು ಪೆನ್ಸಿಲ್ ಹಿಡಿದು ದೋಷ ಬರೆಯುತ್ತಾರೆ. "ಮೂರು ಸಲ ಮುಗಿಸಿದರು, ಮೂರು ಸಲವೂ ಮುಂದುವರಿಸಿದರು" ಎಂಬಂಥ ಟಿಪ್ಪಣಿ ಬಂದರೆ ಕೃತಜ್ಞರಾಗಿರಿ. ಪ್ರಸಂಗದ ಉದ್ದಕ್ಕೆ ಸತ್ಯವೇದದಲ್ಲೇ ಒಂದು ಮೊಕದ್ದಮೆಯಿದೆ. ತ್ರೋವದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಹುಡುಗ ನಿದ್ದೆ ಹತ್ತಿ ಮೂರನೆಯ ಅಂತಸ್ತಿನಿಂದ ಬಿದ್ದ. ಪೌಲ ಇಳಿದುಹೋಗಿ ಅವನನ್ನು ಅಪ್ಪಿಕೊಂಡು ಬದುಕಿಸಿದ, ಮೇಲೆ ಬಂದು ಬೆಳಗಾಗುವ ತನಕ ಮತ್ತೆ ಮಾತಾಡಿದ. ಬಿದ್ದವರನ್ನು ಎಬ್ಬಿಸುವ ಶಕ್ತಿ ಇರುವವರು ಎಷ್ಟು ಹೊತ್ತು ಬೇಕಾದರೂ ಪ್ರಸಂಗ ಮಾಡಬಹುದು. ಉಳಿದವರಿಗೆ ಇಪ್ಪತ್ತು ನಿಮಿಷ.

ಶನಿವಾರ ಭಾನುವಾರ ಹತ್ತಿರದ ಸಭೆಗಳಿಗೆ ಸೇವೆಗೆ ಕಳಿಸುತ್ತಾರೆ. ನಿಜವಾದ ಜೋಡಣೆ ಅಲ್ಲಿ. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಹೋಗುತ್ತೀರಿ. "ಅಯ್ನೋರು ಬಂದ್ರು, ಟೀವಿ ಆರ್ಸು" ಎಂದು ಕೂಗುತ್ತಾ ಸೊಸೆ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಎಳೆಯುತ್ತಾಳೆ. ಕೋಣೆಯಲ್ಲಿ ಡೆಟಾಲಿನ ವಾಸನೆ, ಗೋಡೆಯಲ್ಲಿ ಹೋದ ವರ್ಷದ ವಾಕ್ಯದ ಕ್ಯಾಲೆಂಡರು. ನೀವು ವ್ಯಾಸಂಗದ ಸತ್ಯವೇದ ತೆಗೆದು, ವೇದನೆಯ ಸಮಸ್ಯೆಗೆ ತಕ್ಕ ಭಾಗ ಯಾವುದೆಂದು ಹಾಳೆ ತಿರುವುತ್ತೀರಿ. ಅಜ್ಜಿ ಕಾಯುವುದಿಲ್ಲ. ಕಣ್ಣು ಮುಚ್ಚಿಕೊಂಡೇ 23ನೇ ಕೀರ್ತನೆ ಶುರುಮಾಡಿ, ನಡುವೆ ಉಸಿರು ಸಾಲದಾದಾಗ ನಿಲ್ಲಿಸುತ್ತಾರೆ. ಮುಂದಿನ ಸಾಲು ನೀವು ಹೇಳಬೇಕು. ಹೀಬ್ರೂವಿನಲ್ಲಿ ಬರುತ್ತದೆ, ಕನ್ನಡದಲ್ಲಿ ಬಾಯಿಗೆ ಬರುವುದಿಲ್ಲ. ಆ ಸಂಜೆಯೇ ಹಾಸ್ಟೆಲಿಗೆ ಹೋಗಿ ಬಾಯಿಪಾಠ ಮಾಡಿ.

ಭಾಗ 4: ಬಿಡಿಭಾಗಗಳು

*ಬಿಳಿ ನಿಲುವಂಗಿ.* ಎರಡು ಹೊಲಿಸಿ. ಒಂದರ ಮೇಲೆ ಸಾರು ಚೆಲ್ಲುತ್ತದೆ.

*ಬೈಕು.* ಮೂರು ಊರಿಗೆ ಒಬ್ಬರೇ ಸಭಾಪಾಲಕರಾದರೆ ಒಂದೇ ಭಾನುವಾರ ಮೂರು ಆರಾಧನೆ. ಮೂರರಲ್ಲೂ ಅದೇ ಪ್ರಸಂಗ ಮಾಡಬಹುದು, ಆದರೆ ಕೀಬೋರ್ಡ್ ನುಡಿಸುವ ಹುಡುಗ ನಿಮ್ಮ ಹಿಂದೆಯೇ ಕೂತು ಬರುತ್ತಾನೆ ಎಂಬುದನ್ನು ಮರೆಯಬೇಡಿ.

*ಮದುವೆ.* ಬಾಸೆಲ್ ಮಿಷನ್ನಿನ ಕಾಲದಲ್ಲಿ ಮಿಷನರಿ ಮದುವೆಯಾಗಲು ಸ್ವಿಟ್ಜರ್ಲೆಂಡಿನ ಕಮಿಟಿಯ ಒಪ್ಪಿಗೆ ಬೇಕಿತ್ತು. ಸರಿಯಾಗಿ ಮುಖ ಕಂಡಿರದ ವರನಿಗಾಗಿ ಹೆಣ್ಣುಮಕ್ಕಳು ಹಡಗು ಹತ್ತಿ ಬಂದರು. ಈಗ ಅಷ್ಟಿಲ್ಲ. ಆದರೂ ನಿಮ್ಮ ಹೆಂಡತಿ ಹಾಡಬಲ್ಲಳೇ, ಸಂಡೇ ಸ್ಕೂಲ್ ನಡೆಸಬಲ್ಲಳೇ, ಮಹಿಳಾ ಕೂಟಕ್ಕೆ ಒಗ್ಗುತ್ತಾಳೆಯೇ ಎಂದು ಸಭೆ ವಿಚಾರಿಸುತ್ತದೆ. ಅವಳಿಗೆ ಬ್ಯಾಂಕಿನಲ್ಲಿ ಕೆಲಸವಿದ್ದರೆ ಮೊದಲು ಅಸಮಾಧಾನ, ಪಾದ್ರಿಯ ಸಂಬಳ ಎಷ್ಟೆಂದು ನೆನಪಾದ ಮೇಲೆ ಮೌನ.

*ಹೆಣ್ಣು ಮಾದರಿ.* ಸಿಎಸ್‌ಐ 1976ರಿಂದಲೇ ಮಹಿಳೆಯರಿಗೆ ದೀಕ್ಷೆ ಕೊಡುತ್ತಿದೆ. 2013ರಲ್ಲಿ ನಂದ್ಯಾಲದ ಬಿಷಪ್ಪರಾಗಿ ಪುಷ್ಪಾ ಲಲಿತಾ ಅಧಿಕಾರ ವಹಿಸಿಕೊಂಡರು. ಸಭೆಗೆ ಅವರೇ ಮೊದಲ ಮಹಿಳಾ ಬಿಷಪ್. ಸಾಮರ್ಥ್ಯದಲ್ಲಿ ವ್ಯತ್ಯಾಸವಿಲ್ಲ. ಆದರೆ ಪಾಸ್ಟರೇಟ್ ಕಮಿಟಿ ಸಭೆ ನಡೆಯುವಾಗ ಚಹಾ ತರಲು ಯಾರು ಏಳುತ್ತಾರೆಂದು ಎಲ್ಲರೂ ಅಧ್ಯಕ್ಷೆಯ ಕಡೆ ನೋಡಿದರೆ, ಏಳಬೇಡಿ. ಕಾರ್ಯಸೂಚಿಯ ಮೊದಲ ವಿಷಯವನ್ನು ಓದಿ.

ಭಾಗ 5: ಚಾಲನೆ

ಇಷ್ಟೆಲ್ಲ ಆದಮೇಲೆ ದೀಕ್ಷೆಯ ದಿನ. ಮೊದಲು ಡೀಕನ್, ಆಮೇಲೆ ಪ್ರೆಸ್ಬಿಟರ್. ಬಿಷಪ್ಪರೂ ಇತರ ಪ್ರೆಸ್ಬಿಟರರೂ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅಷ್ಟೂ ಕೈಗಳ ಭಾರಕ್ಕೆ ಕುತ್ತಿಗೆ ನೋಯುತ್ತದೆ ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಕೈಗೆ ಸತ್ಯವೇದ ಕೊಡುತ್ತಾರೆ.

ಅದಕ್ಕೂ ಮೊದಲು ನಡೆಯುವ ಒಂದು ಸಂಗತಿಯನ್ನು ಫೋಟೋದ ಗಡಿಬಿಡಿಯಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಬಿಷಪ್ಪರು ಅಭ್ಯರ್ಥಿಗಳನ್ನು ನಿಲ್ಲಿಸಿ, ಸಭೆಯತ್ತ ತಿರುಗಿ, ಇವರು ಯೋಗ್ಯರೆಂದು ನಂಬುತ್ತೀರಾ ಎಂದು ಜನರನ್ನು ಕೇಳುತ್ತಾರೆ. ಐಸ್‌ಕ್ಯಾಂಡಿ ನೆನಪಿಟ್ಟ ಕಾರ್ಯದರ್ಶಿ, ಶಿಬಿರದ ಪ್ರಶ್ನೆ ಕೇಳಿದ ಮಾಸ್ತರರು, ತರಕಾರಿ ಹೆಚ್ಚುತ್ತಾ ಗುಟ್ಟು ಬಿಟ್ಟುಕೊಟ್ಟ ತಾಯಿ, ಎಲ್ಲರೂ ಸೇರಿ ಹೌದೆನ್ನಬೇಕು. ಅವರು ಹೌದೆನ್ನುವ ತನಕ ಬಿಷಪ್ಪರ ಕೈ ಮೇಲೇಳುವುದಿಲ್ಲ.

ಇಲ್ಲಿ ಕೈಪಿಡಿಗೆ ಒಂದು ತಿದ್ದುಪಡಿ. ಇಷ್ಟು ಹೊತ್ತು ಬಳಕೆದಾರರು ನೀವೇ ಎಂಬ ಧಾಟಿಯಲ್ಲಿ ಬರೆದಿದ್ದೇವೆ. ಅದು ಖರೀದಿಯ ಹುಮ್ಮಸ್ಸು ಇಳಿಯದಿರಲಿ ಎಂದು. ಬಳಕೆದಾರರು ಎದುರಿನ ಬೆಂಚುಗಳಲ್ಲಿ ಕೂತಿದ್ದಾರೆ. ನೀವು ಉಪಕರಣ.

ಭಾಗ 6: ದಿನಬಳಕೆ

ಉಪಕರಣ ಹಗಲಿರುಳು ಚಾಲನೆಯಲ್ಲಿರಬೇಕು. ಸಾವಿನ ಸುದ್ದಿ ಹೇಳುವ ಫೋನು ಸಾಮಾನ್ಯವಾಗಿ ರಾತ್ರಿ ಎರಡರ ಮೇಲೆ ಬರುತ್ತದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಬೇಡಿ. ಹೋಗಿ, ಕೂತುಕೊಳ್ಳಿ. ಮರುವರ್ಷ ಅವರಿಗ್ಯಾರಿಗೂ ನೀವು ಆಡಿದ ಮಾತು ನೆನಪಿರುವುದಿಲ್ಲ, ಬಂದಿದ್ದಿರಿ ಎಂಬುದು ನೆನಪಿರುತ್ತದೆ.

ಸುಗ್ಗಿ ಹಬ್ಬದ ಹರಾಜು ಕೌಶಲದ ಪರೀಕ್ಷೆ. ಕುಂಬಳಕಾಯಿ, ಬಾಳೆಗೊನೆ, ಕೇಕು, ಕಾಲು ಕಟ್ಟಿದ ಹುಂಜ, ಎಲ್ಲವೂ ವೇದಿಕೆ ಮೇಲೆ ಬರುತ್ತವೆ. ಕೊಂಡವರು ಕೊಂಡದ್ದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಒಂದೇ ಹಲಸಿನಹಣ್ಣು ಮತ್ತೆ ಮತ್ತೆ ಹರಾಜಾಗುತ್ತದೆ. ಮೂರನೆಯ ಸುತ್ತಿಗೆ ಬೆಲೆ ಹಣ್ಣಿನದ್ದಾಗಿ ಉಳಿದಿರುವುದಿಲ್ಲ. ಎರಡು ಮನೆತನಗಳ ಹಳೆಯ ಲೆಕ್ಕದ್ದಾಗಿರುತ್ತದೆ. ಆಗ ನೀವು ಸಣ್ಣ ಮೊತ್ತ ಕೂಗಿ ಜನರನ್ನು ನಗಿಸಿ ಹಣ್ಣನ್ನು ಅಲ್ಲೇ ಕೊಯ್ಯಿಸಿ ಹಂಚಿಸಬೇಕು. ಇದು ಬಿ.ಡಿ. ಪಠ್ಯದಲ್ಲಿಲ್ಲ.

ಆರಾಧನೆಗೆ ಮೊದಲು ಪ್ರಾರ್ಥನಾ ವಿನಂತಿಯ ಚೀಟಿಗಳು ಮೇಜಿನ ಮೇಲೆ ಬಂದು ಬೀಳುತ್ತವೆ: ಮಗಳ ವೀಸಾ, ಮಂಡಿನೋವು, ಬೋರ್‌ವೆಲ್ಲಿಗೆ ನೀರು, ಗಂಡನ ಕುಡಿತ. ಹೆಚ್ಚಿನವರು ಹೆಸರು ಬರೆಯುವುದಿಲ್ಲ. ಒಂದನ್ನೂ ಬಿಡದೆ ಓದಿ.

ಕೆಲವು ಉಪಕರಣಗಳಲ್ಲಿ ಪೆಟ್ಟಿಗೆಯ ಮೇಲೆ ಬರೆಯದ ಸೌಲಭ್ಯಗಳಿರುತ್ತವೆ. ಉತ್ತಂಗಿ ಚನ್ನಪ್ಪನವರು ಮಂಗಳೂರಿನ ಅದೇ ಸೆಮಿನರಿಯಲ್ಲಿ ಓದಿ ಪಾದ್ರಿಯಾದವರು. ಸೇವೆಯ ನಡುವೆಯೇ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಊರ ಜನರ ಮಾತಿಗೆ ಕಿವಿಗೊಡುವ ಅಭ್ಯಾಸವಿದ್ದ ಪಾದ್ರಿಯಿಂದ ಇಡೀ ನಾಡಿಗೆ ಏನು ಸಿಗಬಹುದು ಎಂಬುದಕ್ಕೆ ಇಷ್ಟು ಸಾಕು.

ದೋಷ ನಿವಾರಣೆ

*ಲಕ್ಷಣ: ಪ್ರಾರ್ಥನೆ ಬಾಯಿಂದ ಸರಾಗವಾಗಿ ಬರುತ್ತದೆ, ಒಳಗೆ ಏನೂ ಅಲುಗುವುದಿಲ್ಲ.* ಇದು ಸಾಮಾನ್ಯ ದೋಷ. ದನಿ ಏರಿಸಿ ಮುಚ್ಚಬೇಡಿ. ರಜೆ ಹಾಕಿ, ಯಾರೂ ಗುರುತಿಸದ ಊರಿನ ಸಭೆಯೊಂದಕ್ಕೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರಿ. ಬೇರೊಬ್ಬರು ನಿಮಗಾಗಿ ಪ್ರಾರ್ಥಿಸಲಿ.

*ಲಕ್ಷಣ: ಸಭೆಯಲ್ಲಿ ಎರಡು ಗುಂಪು.* ಎರಡೂ ಕಡೆಯ ಮನೆಗಳಿಗೆ ಹೋಗಿ, ಸಮ ಸಂಖ್ಯೆಯ ಕಾಫಿ ಕುಡಿಯಿರಿ. ಲೆಕ್ಕ ಇಡುವವರು ಇದ್ದಾರೆ.

*ಲಕ್ಷಣ: ಎಲ್ಲರಿಗೂ ನೀವು ಇಷ್ಟ.* ತುರ್ತು ಗಮನ ಬೇಕು. ಬಡವರನ್ನು ಒಂದು ಜೊತೆ ಕೆರದ ಬೆಲೆಗೆ ಮಾರುವವರ ಮೇಲೆ ಹರಿಹಾಯ್ದ ಆಮೋಸನ ಪುಸ್ತಕದಿಂದ ನೀವು ಇತ್ತೀಚೆಗೆ ಪ್ರಸಂಗ ಮಾಡಿಲ್ಲವೆಂದು ಇದರರ್ಥ.

*ಲಕ್ಷಣ: ವರ್ಗಾವಣೆ ಆದೇಶ.* ದೋಷವಲ್ಲ, ವಿನ್ಯಾಸ. ಪಾರ್ಸನೇಜಿನ ಹಿತ್ತಲಲ್ಲಿ ನೀವು ನೆಟ್ಟ ಪಪ್ಪಾಯಿ ಮುಂದಿನವರು ತಿನ್ನುತ್ತಾರೆ. ಹೋದಲ್ಲಿ ಹಿಂದಿನವರು ನೆಟ್ಟದ್ದೇನೆಂದು ನೋಡಿ.

ವಾರಂಟಿ ಮತ್ತು ಗ್ರಾಹಕರ ಅಭಿಪ್ರಾಯ

ಈ ಉಪಕರಣಕ್ಕೆ ವಾರಂಟಿ ಇಲ್ಲ. ಮರಳಿಸಲಾಗದು, ಬಿಷಪ್ಪರ ಕಚೇರಿಯ ಮೂಲಕ ಬದಲಾಯಿಸಿಕೊಳ್ಳಬಹುದು. ದೂರುಗಳನ್ನು ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕುವಾಗ ನಗುನಗುತ್ತಾ ಹೇಳುವುದು ವಾಡಿಕೆ.

ವರ್ಷಕ್ಕೊಮ್ಮೆ ಸಭೆಯವರು ಅಭಿಪ್ರಾಯ ಪತ್ರ ತುಂಬಿ ಪೆಟ್ಟಿಗೆಗೆ ಹಾಕಬೇಕು: ಪ್ರಸಂಗ ಉದ್ದವೇ, ಮನೆಭೇಟಿ ಸಾಕೇ, ಕಷ್ಟಕ್ಕೆ ಬಂದರೇ. ಹೆಸರು ಬರೆಯಬೇಕಾಗಿಲ್ಲ. ಸಭಾಪಾಲಕರು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕೈಬರಹ ನೋಡಿದ ಕೂಡಲೇ ಅದು ಯಾರದೆಂದು ಅವರಿಗೆ ಗೊತ್ತಾಗುತ್ತದೆ. ಮತ್ತು ಭಾನುವಾರ ಕೈಕುಲುಕುವಾಗ ಗೊತ್ತಿಲ್ಲದವರ ಹಾಗೆ ಇರುತ್ತಾರೆ.